ಟೇಪ್ ಎಳೆದ ಮೊದಲ ನಿಮಿಷ: ಎಚ್‌ಒಪಿಜಿ ಮೇಲೆ ಫೆರೋಸಯನೈಡ್

ಎಚ್‌ಒಪಿಜಿ ಅಂದರೆ ಪದರಗಳು ಅಚ್ಚುಕಟ್ಟಾಗಿ ಜೋಡಿಸಿಕೊಂಡ ಗ್ರಾಫೈಟ್; ಟೇಪ್ ಅಂಟಿಸಿ ಎಳೆದರೆ ಮೇಲಿನ ಪದರ ಕಿತ್ತು ಹೊಸ ಮೇಲ್ಮೈ ಸಿಗುತ್ತದೆ. ಅದರ ಬೇಸಲ್ ಪ್ಲೇನ್ (ಪದರದ ಚಪ್ಪಟೆ ಮುಖ) ಸತ್ತ ಮೇಲ್ಮೈ, ಎಲೆಕ್ಟ್ರಾನ್ ದಾಟುವುದೆಲ್ಲ ಅಂಚುಗಳಲ್ಲೇ ಎಂಬ ಮಾತು 90ರ ದಶಕದಿಂದ ಓಡಾಡುತ್ತಿದೆ. ಫೆರೋಸಯನೈಡ್ ದ್ರಾವಣದಲ್ಲಿ ವೋಲ್ಟೇಜ್ ಏರಿಸಿ ಇಳಿಸಿ ಕರೆಂಟ್ ಅಳೆದರೆ ಹೋಗುವಾಗ ಒಂದು, ಬರುವಾಗ ಒಂದು ಪೀಕ್ ಏಳುತ್ತದೆ; ಅವುಗಳ ಅಂತರ ಕಡಿಮೆಯಾದಷ್ಟೂ ಎಲೆಕ್ಟ್ರಾನ್ ಚುರುಕಾಗಿ ದಾಟುತ್ತಿದೆ ಎಂದರ್ಥ. ನನಗೆ ಈ ಅಂತರ 62–65 ಮಿಲಿವೋಲ್ಟ್ ಬಂದಾಗ, 'ನಿಮ್ಮ ತುಂಡಿನಲ್ಲಿ ಮೆಟ್ಟಿಲು ಜಾಸ್ತಿ ಇರಬೇಕು' ಅಂದವರೇ ಹೆಚ್ಚು; ಮೆಟ್ಟಿಲು ಅಂದರೆ ಪದರದ ಅಂಚು ತೆರೆದುಕೊಂಡ ಜಾಗ. ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಅನ್ವಿನ್ ಗುಂಪು 2012ರ ಹೊತ್ತಿಗೇ ಹೊಸ ಮೇಲ್ಮೈ ಚುರುಕಾಗಿದೆ ಎಂದು ತೋರಿಸಿತ್ತು. ಈಗ ಇಪ್ಪತ್ತಕ್ಕೂ ಹೆಚ್ಚು ಸಲ ನನಗೂ ಅದೇ ಉತ್ತರ ಸಿಕ್ಕಿದೆ.

ಎಲ್ಲ ನಿಂತಿರುವುದು ಹೊತ್ತಿನ ಮೇಲೆ. ಟೇಪ್ ಎಳೆದು ಒಂದು ನಿಮಿಷದೊಳಗೆ ದ್ರಾವಣ ಬೀಳಬೇಕು. ಒಂದು ತಾಸು ಗಾಳಿಯಲ್ಲಿ ಬಿಟ್ಟರೆ ಅಂತರ ನೂರು ದಾಟಿತು, ಮರುದಿನ ಇನ್ನೂರರ ಆಚೆ. ಗಾಳಿಯ ಹೈಡ್ರೋಕಾರ್ಬನ್ ಕೂತುಕೊಳ್ಳುತ್ತದೆ. ನೀರಿನ ಹನಿಯ ಕೋನ 60 ಡಿಗ್ರಿ ಆಸುಪಾಸಿನಿಂದ 90ರತ್ತ ಏರುವುದನ್ನು ಕಣ್ಣಲ್ಲೇ ನೋಡಬಹುದು. ಪಕ್ಕದಲ್ಲಿ ಸಿಲಿಕೋನ್ ಗ್ರೀಸ್ ಡಬ್ಬಿಯನ್ನಾಗಲಿ, ಎಣ್ಣೆ ಪಂಪನ್ನಾಗಲಿ ಇಟ್ಟುಕೊಳ್ಳಬೇಡಿ.

ಮೊದಲು ಓ-ರಿಂಗ್ ಸೆಲ್‌ನಲ್ಲಿ (ರಬ್ಬರ್ ಬಳೆ ಒತ್ತಿ ದ್ರಾವಣ ಹಿಡಿದಿಡುವ ಪಾತ್ರೆ) ಮಾಡಿ ಎರಡು ತುಂಡು ಹಾಳಾದವು. ಬಿಗಿ ಮಾಡಿದರೆ ಪದರ ಸೀಳಿ ಅಂಚು ತೆರೆದುಕೊಳ್ಳುತ್ತದೆ, ಸಡಿಲ ಬಿಟ್ಟರೆ ದ್ರಾವಣ ಸೋರಿ ಅಡಿಯಲ್ಲಿ ಸಂಪರ್ಕಕ್ಕೆ ಹಚ್ಚಿದ ಸಿಲ್ವರ್ ಪೇಸ್ಟ್ ಮುಟ್ಟಿ ಬೆಳ್ಳಿಯ ಪೀಕ್ ಏಳುತ್ತದೆ. ಒಂದು ತುಂಡಿಗೆ ಆಗ ಮೂವತ್ತು ಸಾವಿರ ರೂಪಾಯಿ ಸುಮಾರು ಕೊಟ್ಟಿದ್ದೆ. ಆಮೇಲೆ ಸೆಲ್ಲನ್ನೇ ಬಿಟ್ಟು ಹನಿಗೆ ಬಂದೆ. ಮೇಲ್ಮೈ ನಡುವೆ, ಅಂಚಿನಿಂದ ದೂರದಲ್ಲಿ, 20 ಮೈಕ್ರೊಲೀಟರ್ ಹನಿ; ಅದರೊಳಗೆ ಮೇಲಿನಿಂದ ಪ್ಲಾಟಿನಂ ತಂತಿ ಮತ್ತು ಕ್ಲೋರೈಡ್ ಹಿಡಿಸಿದ ಬೆಳ್ಳಿ ತಂತಿ. ಬಟ್ಟೆಗೆ ಹಾಕುವ ಬ್ಲೀಚ್‌ನಲ್ಲಿ ಇಪ್ಪತ್ತು ನಿಮಿಷ ಅದ್ದಿದರೆ ಬೆಳ್ಳಿ ತಂತಿ ಕಂದಾಗಿ ತಯಾರಾಗುತ್ತದೆ, ವೋಲ್ಟೇಜ್ ಅಳತೆಗೆ ಆಧಾರವಾಗುವ ರೆಫರೆನ್ಸ್ ಎಲೆಕ್ಟ್ರೋಡ್‌ನ ದುಡ್ಡು ಉಳಿಯಿತು. ಸುತ್ತ ಒದ್ದೆ ಟಿಶ್ಯೂ ಇಟ್ಟ ಡಬ್ಬಿ ಮುಚ್ಚದಿದ್ದರೆ ಹನಿ ಆರಿ ಸಾಂದ್ರತೆ ಏರುತ್ತದೆ.

50 ಮಿಲಿಲೀಟರ್‌ಗೆ ಪೊಟ್ಯಾಸಿಯಂ ಫೆರೋಸಯನೈಡ್ 21 ಮಿಲಿಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 3.7 ಗ್ರಾಂ, ಅಂದರೆ 1 ಮಿಲಿಮೋಲಾರ್, 1 ಮೋಲಾರ್. ಅಂದೇ ಮಾಡಿ ಅಂದೇ ಮುಗಿಸಿ. ಕರೆಂಟ್ ಸಾಗಿಸುವ ಕ್ಲೋರೈಡ್ ಕಡಿಮೆ ಹಾಕಿದಾಗಲೇ ನಾನು ತಿಂಗಳುಗಟ್ಟಲೆ ದಾರಿ ತಪ್ಪಿದ್ದು: ಪೀಕ್ 30 ಮೈಕ್ರೊಆಂಪ್ ಇದ್ದು ದಾರಿಯಲ್ಲಿ 300 ಓಮ್ ಪ್ರತಿರೋಧ ಉಳಿದರೆ ಪ್ರತಿ ಪೀಕ್‌ಗೆ 9 ಮಿಲಿವೋಲ್ಟ್, ಅಂತರದಲ್ಲಿ 18 ಸುಮ್ಮನೆ ಸೇರುತ್ತದೆ. ಅದನ್ನು ಮೇಲ್ಮೈಯ ನಿಧಾನಗತಿ ಅಂದುಕೊಂಡಿದ್ದೆ.

ಸ್ಕ್ಯಾನ್ 0ಯಿಂದ 0.5 ವೋಲ್ಟ್, ಸೆಕೆಂಡಿಗೆ 100 ಮಿಲಿವೋಲ್ಟ್. ಮೊದಲ ಸ್ಕ್ಯಾನ್ ಮಾತ್ರ ಲೆಕ್ಕಕ್ಕೆ. ಫೆರೋಸಯನೈಡ್ ತಾನೇ ಮೇಲ್ಮೈಯನ್ನು ಮುಚ್ಚುತ್ತಾ ಹೋಗುತ್ತದೆ. ಐದನೆಯ ಸುತ್ತಿಗೆ ಅಂತರ ಅಗಲವಾಗಿ, ಹತ್ತನೆಯದಕ್ಕೆ ಇನ್ನೂ ಕೆಡುತ್ತದೆ. 'ಸ್ಥಿರವಾಗುವ ತನಕ ಸುತ್ತಿಸಿ' ಎಂಬ ಅಭ್ಯಾಸ ಇಲ್ಲಿ ಪೂರ್ತಿ ತಪ್ಪು.

ಅಂಚಿನ ವಾದಕ್ಕೆ ನನ್ನ ಉತ್ತರ ಎರಡು. ಅಗ್ಗದ, ಮೆಟ್ಟಿಲು ಹೆಚ್ಚಿರುವ ಝಡ್‌ವೈಎಚ್ ದರ್ಜೆಯ ತುಂಡೂ ನಯವಾದ ಝಡ್‌ವೈಬಿಯೂ ಹೊಸದರಲ್ಲಿ ಒಂದೇ ಅಂತರ ಕೊಟ್ಟವು. ಇನ್ನು ಫೆರೋಸಯನೈಡ್ ಬದಲು, ಮೇಲ್ಮೈಯ ಸ್ಥಿತಿಗೆ ಅಷ್ಟಾಗಿ ಸ್ಪಂದಿಸದ ಹೆಕ್ಸಾಅಮ್ಮೀನ್ ರುಥೇನಿಯಂ ಹಾಕಿದರೆ, ಹಳಸಿದ ಮೇಲ್ಮೈಯಲ್ಲೂ ಅಂತರ ಹೆಚ್ಚೇನೂ ಅಲುಗುವುದಿಲ್ಲ. (ಗಾಳಿಯ ಆಮ್ಲಜನಕ ಅಡ್ಡ ಬರದಂತೆ ಡಬ್ಬಿಗೆ ಒದ್ದೆ ನೈಟ್ರೋಜನ್ ಬಿಟ್ಟುಕೊಳ್ಳಬೇಕು ಅಷ್ಟೇ.) ತಂತಿ ಜೋಡಣೆ ಸರಿಯಿದೆ, ಕೆಡುತ್ತಿರುವುದು ಫೆರೋಸಯನೈಡ್ ನೋಡುವ ಮೇಲ್ಮೈ ಎಂದು ರುಥೇನಿಯಂನ ಈ ಉತ್ತರದಿಂದಲೇ ಗೊತ್ತಾಗುವುದು.

ಒಂದು ಮಿಲಿಮೀಟರ್ ದಪ್ಪದ ತುಂಡಿನಿಂದ ನಲವತ್ತು ಎಳೆತ ತೆಗೆದಿದ್ದೇನೆ, ಬೇರೆಯವರಿಗೆ ಹದಿನೈದಕ್ಕೇ ಮುಗಿಯುತ್ತದೆ. ಟೇಪ್ ಒತ್ತುವ ರೀತಿ, ಎಳೆಯುವ ಕೋನ ನನ್ನ ಬಳಿಯೇ ಇರಲಿ. ಅಂಟು ಉಳಿಸುವ ಅಗ್ಗದ ಟೇಪ್ ಬೇಡ ಎಂದಷ್ಟೇ ಹೇಳುತ್ತೇನೆ.

ನಡುವೆ 0.5 ಮಿ.ಮೀ. ಟುಬಿ (2B) ಪೆನ್ಸಿಲ್ ಕಡ್ಡಿಯನ್ನೂ ನೋಡಿದೆ. 5 ಮಿ.ಮೀ. ಮುಳುಗಿಸಿದರೆ 0.08 ಚದರ ಸೆಂಟಿಮೀಟರ್. ಅಸಿಟೇಟ್ ಬಫರ್‌ನಲ್ಲಿ 1.4 ವೋಲ್ಟ್ ಒಂದು ನಿಮಿಷ ಕೊಟ್ಟ ಮೇಲೆ ಪೀಕ್ ಚೂಪಾಯಿತು, ಹಿನ್ನೆಲೆ ಕರೆಂಟೂ ಏರಿತು. ಜೇಡಿ, ಬೈಂಡರ್ ಬೆರೆತ ಕಡ್ಡಿ ಬೇಸಲ್ ಪ್ಲೇನ್ ಬಗ್ಗೆ ಏನೂ ಹೇಳಲಾರದು. ಅನಿಲದಿಂದ ಬೆಳೆಸಿದ ತೆಳು ಇಂಗಾಲದ ಹಾಳೆಯಾದ ಸಿವಿಡಿ ಗ್ರಾಫೀನ್‌ನಲ್ಲಿ ಅಂತರ 150 ಮಿಲಿವೋಲ್ಟ್‌ನ ಕೆಳಗೆ ಇಳಿದಿಲ್ಲ. ಹಾಳೆ ವರ್ಗಾಯಿಸುವಾಗ ಬಳಸಿದ ಪಿಎಂಎಂಎ ಪ್ಲಾಸ್ಟಿಕ್‌ನ ಉಳಿಕೆ ಒಂದು ಕಡೆ, ಹಾಳೆಯದೇ ಪ್ರತಿರೋಧ ಇನ್ನೊಂದು ಕಡೆ. ಆರ್ಗಾನ್-ಹೈಡ್ರೋಜನ್‌ನಲ್ಲಿ 300 ಡಿಗ್ರಿಗೆ ಎರಡು ತಾಸು ಕಾಯಿಸಿದಾಗ ಸ್ವಲ್ಪ ಸುಧಾರಿಸಿತು; ಹನಿಯ ಹತ್ತಿರಕ್ಕೆ ಸಂಪರ್ಕ ತಂದು ಮತ್ತೆ ಅಳೆಯುತ್ತಿದ್ದೇನೆ.