5600ಎಕ್ಸ್ ಓವರ್‌ಕ್ಲಾಕ್: ಮೊದಲು ರ‍್ಯಾಮ್, ಆಮೇಲೆ ಪ್ರೊಸೆಸರ್

ಓವರ್‌ಕ್ಲಾಕ್ ಎಂದರೆ ತಯಾರಕರು ಇಟ್ಟ ವೇಗಕ್ಕಿಂತ ಹೆಚ್ಚಿಗೆ ಓಡಿಸುವುದು. ನಾನು ಬಳಸಿದ್ದು ಎಎಂಡಿಯ ರೈಜನ್ 5 5600ಎಕ್ಸ್ ಪ್ರೊಸೆಸರ್, ಒಂದು ಬಿ550 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 3200 ರ‍್ಯಾಮ್ ಸ್ಟಿಕ್, 120 ಮಿ.ಮೀ. ಫ್ಯಾನಿನ ಟವರ್ ಕೂಲರ್. ಡಬ್ಬಿಯಲ್ಲೇ ಬರುವ ಗಿಡ್ಡ ಕೂಲರ್ ನಂಬಿಕೊಂಡು ಇದಕ್ಕೆ ಕೈ ಹಾಕಬೇಡಿ. ಬೋರ್ಡ್ ಎ520 ಆಗಿದ್ದರೆ ರ‍್ಯಾಮ್ ವೇಗ ಏರಿಸಬಹುದು, ಪ್ರೊಸೆಸರ್‌ನದು ಆಗದು. ಓವರ್‌ಕ್ಲಾಕ್‌ನಿಂದ ಸುಟ್ಟ ಪ್ರೊಸೆಸರ್‌ಗೆ ವಾರಂಟಿ ಅನ್ವಯಿಸುವುದಿಲ್ಲ, ಅದೂ ತಿಳಿದಿರಲಿ.

ಏನನ್ನೂ ಮುಟ್ಟುವ ಮೊದಲು ಪ್ರೊಸೆಸರ್‌ನ ವೇಗ ಅಳೆಯುವ ಸಿನೆಬೆಂಚ್ ಆರ್23 ಅನ್ನು 10 ನಿಮಿಷ ಓಡಿಸಿ, ಅಂಕ, ಪ್ರೊಸೆಸರ್ ಶಾಖ, ಕೋಣೆಯ ಶಾಖ ಮೂರನ್ನೂ ಬರೆದಿಟ್ಟೆ. ಮೂರನೆಯದನ್ನು ಬರೆದಿಡುವವರು ಕಡಿಮೆ. ಆದರೆ ಡಿಸೆಂಬರ್‌ನ ಬೆಂಗಳೂರಿನಲ್ಲಿ, 24 ಡಿಗ್ರಿಯ ಕೋಣೆಯಲ್ಲಿ 70 ತೋರಿಸುವ ಪ್ರೊಸೆಸರ್, ಏಪ್ರಿಲ್‌ನ ಕಲಬುರಗಿಯಲ್ಲಿ 38 ಡಿಗ್ರಿಯ ಕೋಣೆ ಸೇರಿದರೆ ಹೆಚ್ಚುಕಡಿಮೆ 84 ತೋರಿಸುತ್ತದೆ. ಈ ಚಿಪ್‌ನ ಗರಿಷ್ಠ ಮಿತಿ 95. ನನ್ನ ಲೆಕ್ಕದಲ್ಲಿ 85 ದಾಟಿದರೆ ಸೆಟ್ಟಿಂಗ್ ಇಳಿಸಬೇಕು.

ಆಮೇಲೆ ಬ್ಯಾಕಪ್. ಎಕ್ಸ್‌ಟರ್ನಲ್ ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಿ, ಕೇಬಲ್ ಕಿತ್ತಿಡಿ. ಪ್ರೊಸೆಸರ್ ತಪ್ಪಿದರೆ ಸಾಮಾನ್ಯವಾಗಿ ಕಂಪ್ಯೂಟರ್ ನಿಂತುಹೋಗಿ ಗೊತ್ತಾಗುತ್ತದೆ. ರ‍್ಯಾಮ್ ತಪ್ಪಿದರೆ ಸದ್ದೇ ಇರುವುದಿಲ್ಲ. ಸೇವ್ ಮಾಡಿದ ಫೋಟೋ ತಿಂಗಳ ನಂತರ ತೆರೆದಾಗ ಅರ್ಧ ಬೂದಿ ಬಣ್ಣ. ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಹಳೆಯದಿದ್ದರೆ ಈಗಲೇ ಅಪ್‌ಡೇಟ್ ಮಾಡಿ, ಆದರೆ ಯುಪಿಎಸ್ ಇಲ್ಲದೆ ಬೇಡ. ನಡುವೆ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು.

ರ‍್ಯಾಮ್ ಮೊದಲು ಮುಗಿಸಿದ್ದಕ್ಕೆ ಕಾರಣವಿದೆ: ಎರಡನ್ನೂ ಒಟ್ಟಿಗೆ ಏರಿಸಿದರೆ, ನೀಲಿ ಪರದೆ ಬಂದಾಗ ತಪ್ಪು ಯಾವುದರದ್ದೆಂದು ಹೇಳಲಾಗದು. ಸ್ಟಿಕ್‌ಗಳು ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೇ ಸ್ಲಾಟ್‌ನಲ್ಲಿರಲಿ. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮ್ ತಯಾರಕರು ಕೊಟ್ಟ ಸಿದ್ಧ ವೇಗದ ಪ್ರೊಫೈಲ್) ಆನ್ ಮಾಡಿ. ಕೆಲವು ಬೋರ್ಡ್‌ಗಳಲ್ಲಿ ಇದರ ಹೆಸರು ಡಿಒಸಿಪಿ. ಇದನ್ನು ಮಾಡದೆ, 3200ರ ರ‍್ಯಾಮ್ ಕೊಂಡು ವರ್ಷಗಟ್ಟಲೆ 2133ರಲ್ಲೇ ಓಡಿಸುವವರು ಬಹಳ. ಅಂಥವರಿಗೆ ಇದೊಂದೇ ಸಾಕು, ಮುಂದಿನದು ಬೇಡವಾದರೂ ನಡೆಯುತ್ತದೆ.

ನಾನು ಹೋದದ್ದು 3600ಕ್ಕೆ: ಟೈಮಿಂಗ್ (ರ‍್ಯಾಮ್ ಉತ್ತರಿಸಲು ಹಿಡಿಯುವ ಅವಧಿಗಳು) 18-22-22-42, ರ‍್ಯಾಮ್ ವೋಲ್ಟೇಜ್ 1.35ರಿಂದ 1.40, ಎಫ್‌ಕ್ಲಾಕ್ (ಚಿಪ್‌ನ ಭಾಗಗಳನ್ನು ಜೋಡಿಸುವ ಒಳಹಾದಿಯ ವೇಗ) 1800. ಟೈಮಿಂಗ್‌ನ ಮೊದಲ ಅಂಕಿ ಸಿಎಲ್. ಅದನ್ನು 2000ದಿಂದ ಗುಣಿಸಿ ರ‍್ಯಾಮ್ ವೇಗದಿಂದ ಭಾಗಿಸಿದರೆ ವಿಳಂಬ ನ್ಯಾನೋಸೆಕೆಂಡಿನಲ್ಲಿ ಸಿಗುತ್ತದೆ. 3200ಕ್ಕೆ 16, 3600ಕ್ಕೆ 18, ಎರಡಕ್ಕೂ ಉತ್ತರ 10. ಹಾಗಾದರೆ ಲಾಭವೆಲ್ಲಿ? ರ‍್ಯಾಮ್‌ನ ಜೊತೆಗೆ ಚಿಪ್‌ನೊಳಗಿನ ಎಫ್‌ಕ್ಲಾಕ್ ಕೂಡ 1600ರಿಂದ 1800ಕ್ಕೆ ಏರುವುದರಲ್ಲಿ. ಅದು ಯಾವಾಗಲೂ ರ‍್ಯಾಮ್ ವೇಗದ ಸರಿ ಅರ್ಧವಿರಬೇಕು. 4000ದ ರ‍್ಯಾಮ್ ಹಾಕಿ ಈ ಜೋಡಿ ಕಳಚಿಕೊಂಡರೆ, ಅಂಕಿ ದೊಡ್ಡದಾಗಿ ಆಟ ನಿಧಾನವಾಗುತ್ತದೆ.

ಎಸ್‌ಒಸಿ ವೋಲ್ಟೇಜನ್ನು (ಪ್ರೊಸೆಸರ್‌ನೊಳಗೆ ರ‍್ಯಾಮ್ ನಿಯಂತ್ರಿಸುವ ಭಾಗಕ್ಕೆ ಹೋಗುವುದು) ಆಟೋದಲ್ಲಿ ಬಿಡದೆ ಕೈಯಾರೆ 1.10 ಕೊಟ್ಟೆ. ರ‍್ಯಾಮ್ ಪ್ರೊಫೈಲ್ ಆನ್ ಮಾಡಿದ ಕೂಡಲೇ ಬೋರ್ಡ್‌ಗಳು ಇದನ್ನು ಹೇಳದೆ ಕೇಳದೆ ಏರಿಸುತ್ತವೆ. 2023ರಲ್ಲಿ ಕೆಲವು ರೈಜನ್ 7000 ಎಕ್ಸ್3ಡಿ ಚಿಪ್‌ಗಳು ಸುಟ್ಟ ಮೇಲೆ ಎಎಂಡಿ ಆ ಸಾಲಿಗೆ 1.3 ವೋಲ್ಟ್‌ನ ಮಿತಿ ಹಾಕಬೇಕಾಯಿತು.

ಸೇವ್ ಮಾಡಿದ ಮೇಲೆ ಪರದೆ ಕಪ್ಪಾಗಿ, ಯಂತ್ರ ಎರಡು ಮೂರು ಸಲ ತಾನಾಗೇ ಆಫ್ ಆಗಿ ಆನ್ ಆದರೆ ಗಾಬರಿ ಬೇಡ. ಅದು ರ‍್ಯಾಮ್ ಜೊತೆ ಹೊಂದಾಣಿಕೆ ಮಾಡಿಕೊಳ್ಳುತ್ತಿದೆ. ಐದು ನಿಮಿಷ ಕಳೆದರೂ ಏನೂ ಬರದಿದ್ದರೆ ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ, ಬೋರ್ಡ್ ಮೇಲಿನ ಸಿಮಾಸ್ ಕ್ಲಿಯರ್ ಪಿನ್ನುಗಳೆರಡನ್ನು ಸ್ಕ್ರೂಡ್ರೈವರ್‌ನಿಂದ 10 ಸೆಕೆಂಡ್ ಮುಟ್ಟಿಸಿ ಹಿಡಿಯಿರಿ. ಎಲ್ಲವೂ ಮೊದಲಿನಂತಾಗುತ್ತದೆ. ಆ ಪಿನ್ನುಗಳು ಎಲ್ಲಿವೆಯೆಂದು ಶುರುಮಾಡುವ ಮೊದಲೇ ನೋಡಿಟ್ಟುಕೊಳ್ಳಿ. ಎಷ್ಟೋ ಬೋರ್ಡ್‌ಗಳಲ್ಲಿ ಅವು ಗ್ರಾಫಿಕ್ಸ್ ಕಾರ್ಡಿನ ಅಡಿಯಲ್ಲೇ ಅಡಗಿರುತ್ತವೆ.

ಬೂಟ್ ಆದರೂ ವಿಂಡೋಸ್‌ಗೆ ಹೋಗಬೇಡಿ. ಪೆನ್‌ಡ್ರೈವ್‌ನಿಂದ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ನಾಲ್ಕು ಸುತ್ತು ಓಡಿಸಿ. ಹಲವು ಗಂಟೆ ಹಿಡಿಯುತ್ತದೆ, ರಾತ್ರಿ ಹಚ್ಚಿ ಮಲಗಿ. ಒಂದೇ ಒಂದು ತಪ್ಪು ಬಂದರೂ ಫೇಲ್. ‘ಒಂದೇ ತಾನೆ’ ಎನ್ನುವಂತಿಲ್ಲ. ಆಗ ಟೈಮಿಂಗ್ ಸಡಿಲಿಸಿ, ಇಲ್ಲವೇ 3466ಕ್ಕೆ ಇಳಿದು ಎಫ್‌ಕ್ಲಾಕ್ 1733 ಕೊಡಿ. ಹೊಸಬರು ರ‍್ಯಾಮ್ ವೋಲ್ಟೇಜಿನಲ್ಲಿ 1.45 ದಾಟಬಾರದು. ವಿಂಡೋಸ್ ಸೇರಿದ ಮೇಲೆ ಈವೆಂಟ್ ವ್ಯೂವರ್‌ನಲ್ಲಿ ಹೀಯಾ-ಲಾಗರ್ 19 ಎಂಬ ಹಾರ್ಡ್‌ವೇರ್ ದೋಷದ ದಾಖಲೆಗಳು ಸಾಲುಗಟ್ಟಿದ್ದರೆ ಎಫ್‌ಕ್ಲಾಕ್ ಜಾಸ್ತಿಯಾಗಿದೆ ಎಂದೇ ಮೊದಲು ಅನುಮಾನಿಸಿ.

ಇನ್ನು ಪ್ರೊಸೆಸರ್. ಎಲ್ಲ ಕೋರ್‌ಗಳನ್ನೂ 4.5 ಗಿಗಾಹರ್ಟ್ಸ್‌ಗೆ ಕಟ್ಟಿಹಾಕುವ ಹಳೆಯ ಪದ್ಧತಿ ಈ ಚಿಪ್‌ಗೆ ನಷ್ಟ, ಏಕೆಂದರೆ ಒಂಟಿ ಕೋರ್ ತಾನಾಗೇ 4.6 ಮುಟ್ಟುತ್ತದೆ. ಇಲ್ಲೊಂದು ಬಲೆಯೂ ಇದೆ. ಹಗುರ ಕೆಲಸದಲ್ಲಿ ಎಚ್‌ಡಬ್ಲ್ಯೂಇನ್ಫೋ ಎಂಬ ಸಾಫ್ಟ್‌ವೇರ್ 1.4 ವೋಲ್ಟ್ ದಾಟಿದ್ದನ್ನು ತೋರಿಸುತ್ತದೆ. ಅದನ್ನು ಕಂಡು ‘ಇಷ್ಟು ತಡೆದುಕೊಳ್ಳುತ್ತದಲ್ಲ’ ಎಂದು ಅದೇ ವೋಲ್ಟೇಜನ್ನು ಕೈಯಾರೆ ಕೊಟ್ಟು ಆರೂ ಕೋರ್‌ಗಳನ್ನು ದುಡಿಸಿದರೆ ಚಿಪ್ ಸವೆಯುತ್ತದೆ. ಕರೆಂಟ್ ಕಡಿಮೆ ಹರಿಯುವಾಗ ತಾಳಿಕೊಳ್ಳುವ ವೋಲ್ಟೇಜೇ ಬೇರೆ, ಪೂರ್ತಿ ಹೊರೆ ಬಿದ್ದಾಗಿನದೇ ಬೇರೆ.

ಹಾಗಾಗಿ ಬಯಾಸ್‌ನಲ್ಲಿ ಪಿಬಿಒ (ಎಎಂಡಿಯದೇ ವೇಗ ಏರಿಸುವ ವ್ಯವಸ್ಥೆ) ಅಡ್ವಾನ್ಸ್ಡ್ ಆರಿಸಿ ಪಿಪಿಟಿ, ಟಿಡಿಸಿ, ಇಡಿಸಿ ಎಂಬ ವಿದ್ಯುತ್ ಮಿತಿಗಳನ್ನು ಮೂಲದ 76 ವ್ಯಾಟ್, 60 ಆ್ಯಂಪ್, 90 ಆ್ಯಂಪ್‌ನಿಂದ 100, 70, 100ಕ್ಕೆ ಏರಿಸಿದೆ. ಕರ್ವ್ ಆಪ್ಟಿಮೈಸರ್‌ನಲ್ಲಿ ಎಲ್ಲ ಕೋರ್‌ಗಳಿಗೂ ನೆಗೆಟಿವ್ 10. ಇದು ವೋಲ್ಟೇಜ್ ಇಳಿಸುತ್ತದೆ. ಉಳಿದ ಶಾಖದ ಅವಕಾಶದಲ್ಲಿ ಚಿಪ್ ತಾನೇ ವೇಗ ಏರಿಸಿಕೊಳ್ಳುತ್ತದೆ. ಸಿನೆಬೆಂಚ್ ಅಂಕ 11,000ದ ಆಸುಪಾಸಿನಿಂದ 11,600ರ ಆಸುಪಾಸಿಗೆ ಬಂತು. ಅಷ್ಟೇ.

ಸಿನೆಬೆಂಚ್ ಪಾಸಾದರೆ ಗೆದ್ದಂತಲ್ಲ. ಕರ್ವ್ ತಪ್ಪಿದ್ದರೆ ಯಂತ್ರ ಬೀಳುವುದು ಭಾರದ ಕೆಲಸದಲ್ಲಿ ಕಡಿಮೆ. ಬ್ರೌಸರ್ ತೆರೆದು ಸುಮ್ಮನೆ ಕೂತಾಗ, ಒಂದು ಕೋರ್ ಮೇಲಿನ ವೇಗಕ್ಕೆ ಜಿಗಿಯುವ ಕ್ಷಣದಲ್ಲಿ ಹೆಚ್ಚು. ಕೋರ್‌ಗಳನ್ನು ಒಂದೊಂದಾಗಿ ಪರೀಕ್ಷಿಸುವ ಕೋರ್‌ಸೈಕ್ಲರ್ ಅನ್ನು ರಾತ್ರಿಯಿಡೀ ಓಡಿಸಬೇಕು. ತಾನಾಗೇ ರೀಸ್ಟಾರ್ಟ್ ಆದರೆ ಹೀಯಾ-ಲಾಗರ್ 18ರಲ್ಲಿ ಎಪಿಐಸಿ ಐಡಿ (ಕೋರ್ ಗುರುತಿಸುವ ಸಂಖ್ಯೆ) ನೋಡಿ 2ರಿಂದ ಭಾಗಿಸಿ, ಶೇಷ ಬಿಡಿ: 6 ಅಥವಾ 7 ಇದ್ದರೆ ಕೋರ್ 3. ಆ ಕೋರ್ ಒಂದನ್ನೇ ನೆಗೆಟಿವ್ 10ರಿಂದ ನೆಗೆಟಿವ್ 6ಕ್ಕೆ ತನ್ನಿ. ಸೋಲುವುದು ಬಹುತೇಕ ಚಿಪ್‌ನ ಅತ್ಯುತ್ತಮ ಕೋರ್‌ಗಳೇ. ಅವು ಮೊದಲೇ ಕಡಿಮೆ ವೋಲ್ಟೇಜಿನಲ್ಲಿರುವುದರಿಂದ ಇನ್ನೂ ಇಳಿಸಲು ಜಾಗ ಕಡಿಮೆ.

ಕೊನೆಯ ಅಂಕಿಗಳನ್ನು ಬಯಾಸ್ ಪ್ರೊಫೈಲ್ ಆಗಿ ಉಳಿಸುವುದರ ಜೊತೆಗೆ ಪ್ರತಿ ಪುಟದ ಫೋಟೋ ಮೊಬೈಲಿನಲ್ಲಿಟ್ಟುಕೊಳ್ಳಿ. ಬಯಾಸ್ ಅಪ್‌ಡೇಟ್ ಆದಾಗ ಪ್ರೊಫೈಲ್‌ಗಳು ಅಳಿಸಿಹೋಗಬಹುದು. ಚಳಿಗಾಲದಲ್ಲಿ ಹೊಂದಿಸಿದ್ದರೆ ಏಪ್ರಿಲ್‌ನಲ್ಲಿ ಮೆಮ್‌ಟೆಸ್ಟ್ ಇನ್ನೊಮ್ಮೆ ಹಚ್ಚಿ. ಬಿಸಿಯಾದ ರ‍್ಯಾಮ್ ಬಿಗಿ ಟೈಮಿಂಗ್ ತಾಳುವುದಿಲ್ಲ.