ಹೊಸ ಸೀಸನ್ ಅನಿಮೆ: ಎರಡನೇ ಎಪಿಸೋಡಿನ ಅರ್ಧಕ್ಕೇ ತೀರ್ಪು ಬರೆಯುವ ನನ್ನ ಪದ್ಧತಿ

ಮೂರು ಎಪಿಸೋಡ್ ನೋಡದೆ ಯಾವ ಸೀರೀಸ್ ಬಗ್ಗೆಯೂ ಬಾಯಿ ಬಿಡಬಾರದು ಅನ್ನುವುದು ಅನಿಮೆ (ಜಪಾನಿ ಅನಿಮೇಷನ್) ನೋಡುವ ನಮ್ಮವರ ಹಳೇ ಕಟ್ಟಳೆ. 2011ರ ಜನವರಿ ಸೀಸನ್ನಿನ ಮಡೋಕಾ ಮಾಜಿಕಾ ತನ್ನ ಮೂರನೇ ಎಪಿಸೋಡಿನಲ್ಲಿ ಎಲ್ಲರನ್ನೂ ಬೆಚ್ಚಿಬೀಳಿಸಿದ ಮೇಲಂತೂ ಅದು ವೇದವಾಕ್ಯವೇ ಆಯಿತು. ಆದರೆ ಲೆಕ್ಕ ಹಾಕಿ ನೋಡಿ. ಮೂರು ತಿಂಗಳ ಒಂದು ಸೀಸನ್ನಿಗೆ ಹೆಚ್ಚುಕಮ್ಮಿ 50 ಹೊಸ ಸೀರೀಸ್, ತಲಾ ಮೂರು ಎಪಿಸೋಡ್, ತಲಾ 24 ನಿಮಿಷ. ಒಟ್ಟು 60 ಗಂಟೆ. ಅಷ್ಟನ್ನೂ ನೋಡಿ ಬರೆಯುವ ಹೊತ್ತಿಗೆ ಓದುವವರೆಲ್ಲ ತಮಗೆ ಬೇಕಾದ್ದನ್ನು ಆರಿಸಿಕೊಂಡು ಆಗಿರುತ್ತದೆ. ಇನ್ನು ಒಂದೇ ಎಪಿಸೋಡಿಗೆ ಬರೆಯುವವರಿದ್ದಾರೆ, ಅವರ ಕಥೆ ಮುಂದೆ ಹೇಳುತ್ತೇನೆ. ನಾನು ಹಿಡಿದಿರುವುದು ನಡುವಿನ ದಾರಿ: ಎರಡನೇ ಎಪಿಸೋಡಿನ ಎ-ಪಾರ್ಟ್ (ಮೊದಲರ್ಧ) ಮುಗಿದು ಐಕ್ಯಾಚ್ (ಜಾಹೀರಾತು ವಿರಾಮದ ಪುಟ್ಟ ತುಣುಕು) ಬರುವಷ್ಟರಲ್ಲಿ ತೀರ್ಪು ಬರೆದಾಗಿರಬೇಕು. ಇದು ಆಗದ ಹೋಗದ ಮಾತು ಎಂದು ನಕ್ಕವರೇ ಈಗ ಏಪ್ರಿಲ್, ಅಕ್ಟೋಬರ್ ಬಂತೆಂದರೆ ಪಟ್ಟಿ ಕಳಿಸು ಅನ್ನುತ್ತಾರೆ. ಹತ್ತರಲ್ಲಿ ಏಳೆಂಟು ತೀರ್ಪು ಹನ್ನೆರಡನೇ ಎಪಿಸೋಡಿನವರೆಗೂ ನಿಲ್ಲುತ್ತವೆ.

ಮೊದಲ ಎಪಿಸೋಡನ್ನು ನಾನು ನಂಬುವುದಿಲ್ಲ. ಅದಕ್ಕೆ ಸಿಕ್ಕಷ್ಟು ಸಮಯ ಉಳಿದ ಯಾವ ಎಪಿಸೋಡಿಗೂ ಸಿಕ್ಕಿರುವುದಿಲ್ಲ. ಪಿವಿಯ (ಪ್ರಚಾರದ ಟ್ರೇಲರ್) ತುಣುಕುಗಳು ಬಹುಪಾಲು ಅದರಿಂದಲೇ ಹೋಗಿರುತ್ತವೆ, ಸ್ಟುಡಿಯೋದ ಗಟ್ಟಿ ಕೈಗಳೆಲ್ಲ ಅದರಲ್ಲೇ ಕೂತಿರುತ್ತವೆ. ಅನ್ನ ಬೆಂದಿದೆಯೇ ನೋಡಲು ಒಂದಗುಳು ಸಾಕು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಈ ಅಗುಳನ್ನು ಬೇರೆಯೇ ಬೇಯಿಸಿಟ್ಟಿರುತ್ತಾರೆ. 2024ರ ಸೆಪ್ಟೆಂಬರ್ ಕೊನೆಗೆ ಶುರುವಾದ ಉಝುಮಾಕಿ ನೆನಪಿದೆಯಲ್ಲ? ನಾಲ್ಕೇ ಎಪಿಸೋಡು. ಮೊದಲನೆಯದನ್ನು ನೋಡಿ ಜಗತ್ತೇ ಹೊಗಳಿತು, ಮರುವಾರ ಚಿತ್ರದ ಗುಣಮಟ್ಟ ಕುಸಿದದ್ದು ಅನಿಮೆ ಗೊತ್ತಿಲ್ಲದವರಿಗೂ ಕಂಡಿತು. ಮೊದಲ ವಾರವೇ ಹತ್ತಕ್ಕೆ ಹತ್ತು ಕೊಟ್ಟವರು ಅಲ್ಲೇ ಸಿಕ್ಕಿಬಿದ್ದರು.

ಹಾಗಾಗಿ ಮೊದಲ ಎಪಿಸೋಡಿನಲ್ಲಿ ಚಿತ್ರಕ್ಕೆ ಅಂಕ ಕೊಡಬೇಡಿ. ಅದರಿಂದ ಎರಡೇ ವಿಷಯ ತೆಗೆದುಕೊಳ್ಳಿ: ಎಕೊಂತೆ (ಸ್ಟೋರಿಬೋರ್ಡ್, ಅಂದರೆ ದೃಶ್ಯಗಳನ್ನು ಜೋಡಿಸಿದ ಕರಡು ಚಿತ್ರ) ಹೇಗಿದೆ, ಮೂಲ ಕಥೆಯನ್ನು ಯಾವ ವೇಗದಲ್ಲಿ ಖರ್ಚು ಮಾಡಿದ್ದಾರೆ. ಚಿತ್ರದ ಅಂಕ ಎರಡನೆಯದಕ್ಕೆ ಮೀಸಲು.

ಎಕೊಂತೆ ನೋಡಲು ನಾನು ಎಪಿಸೋಡನ್ನು ಎರಡು ಸಲ ಓಡಿಸುತ್ತೇನೆ. ಒಮ್ಮೆ ಸುಮ್ಮನೆ, ಪೆನ್ನು ಮುಟ್ಟದೆ. ಎರಡನೇ ಸಲ ಎ-ಪಾರ್ಟ್ ಮಾತ್ರ, ಸೌಂಡ್ ಮತ್ತು ಸಬ್‌ಟೈಟಲ್ ಎರಡನ್ನೂ ಆಫ್ ಮಾಡಿ. ಸುಮಾರು ಹತ್ತು ನಿಮಿಷದ ಕೆಲಸ. ಯಾರು ಯಾರಿಗೆ ಏನು, ಯಾರ ಮೇಲೆ ಯಾರಿಗೆ ಸಿಟ್ಟು, ನಿಂತಿರುವ ಜಾಗ ಎಂಥದ್ದು ಎಂಬುದು ಮಾತಿಲ್ಲದೆ ತಿಳಿದರೆ ಎಕೊಂತೆ ಗಟ್ಟಿಯಾಗಿದೆ. ಮುಖ, ಮುಖ, ಆಕಾಶ, ಮತ್ತೆ ಮುಖ ಎಂದು ಬಂದರೆ ಕಥೆಯನ್ನು ಹೇಳುತ್ತಿರುವುದು ಡಬ್ಬಿಂಗ್ ಕಲಾವಿದರು, ನಿರ್ದೇಶಕರಲ್ಲ. ಬೊಚ್ಚಿ ದಿ ರಾಕ್‌ನ (2022 ಅಕ್ಟೋಬರ್) ಮೊದಲ ಎಪಿಸೋಡನ್ನು ಹೀಗೆ ಮೂಕವಾಗಿ ನೋಡಿ, ನಗು ಬರುತ್ತದೆ. ಅದೇ ನಿರ್ದೇಶಕ, ಕೇಯಿಚಿರೊ ಸೈತೊ, ಮರುವರ್ಷ ಫ್ರೀರೆನ್ ಮಾಡಿದಾಗ ನನ್ನ ಪಟ್ಟಿಯಲ್ಲಿ ಅದು ಮೊದಲೇ ಮೇಲಿತ್ತು.

ಈಗ ಕ್ರೆಡಿಟ್ಸ್. ಹೆಚ್ಚಿನವರು ಎಡವುವುದೂ, ನನ್ನ ಪದ್ಧತಿ ನಿಂತಿರುವುದೂ ಇಲ್ಲೇ. ಅಧಿಕೃತ ಸ್ಟ್ರೀಮಿನಲ್ಲಿ ಕ್ರೆಡಿಟ್ಸನ್ನು ಸಾಮಾನ್ಯವಾಗಿ ಅನುವಾದ ಮಾಡುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆದರೆ ಡಿಆರ್‌ಎಂ ಎಂಬ ನಕಲು ತಡೆಯ ದೆಸೆಯಿಂದ ಕಪ್ಪು ಚೌಕ ಸಿಗುತ್ತದೆ. ಟಿವಿಯಲ್ಲಿ ಪಾಜ್ ಮಾಡಿ, ಫೋನಿನ ಕ್ಯಾಮೆರಾದಲ್ಲಿ ಫೋಟೊ ಹೊಡೆದು ಟ್ರಾನ್ಸ್‌ಲೇಟ್ ಆಪ್‌ಗೆ ಕೊಡಿ. ಹೆಸರುಗಳನ್ನು ಅದು ಕುಲಗೆಡಿಸುತ್ತದೆ, ಆದರೆ ಹುದ್ದೆಗಳು ಸರಿಯಾಗಿ ಬರುತ್ತವೆ, ನಮಗೆ ಮುಖ್ಯವಾಗಿ ಬೇಕಿರುವುದೂ ಅವೇ. ಆಟೊಪ್ಲೇ ಮೊದಲೇ ಆಫ್ ಮಾಡಿರಿ, ಇಲ್ಲವಾದರೆ ಎಂಡಿಂಗ್ ಶುರುವಾದೊಡನೆ ಪರದೆ ಮೂಲೆಗೆ ಸೇರುತ್ತದೆ. ಮೊದಲ ಎಪಿಸೋಡಿನಲ್ಲಿ ಎಂಡಿಂಗೇ ಇಲ್ಲದೆ ಕೊನೇ ದೃಶ್ಯದ ಮೇಲೆಯೇ ಹೆಸರುಗಳು ಹರಿದುಹೋಗುವುದೂ ಉಂಟು, ಆಗ ನಾಲ್ಕೈದು ಕಡೆ ನಿಲ್ಲಿಸಬೇಕಾಗುತ್ತದೆ.

ನೋಡಬೇಕಾದ ಸಾಲುಗಳು ಇವು. ಎಕೊಂತೆ ಮತ್ತು ಎನ್ಶುತ್ಸು (ಆ ಎಪಿಸೋಡಿನ ನಿರ್ದೇಶನ): ಮೊದಲ ಎಪಿಸೋಡಿನಲ್ಲಿ ಇವೆರಡೂ ನಿರ್ದೇಶಕರದ್ದೇ ಆಗಿರುವುದು ಮಾಮೂಲು, ಎರಡನೆಯದರಲ್ಲಿ (ಅದರ ಕ್ರೆಡಿಟ್ಸಿಗೆ ನೇರ ಕೊನೆಗೆ ಹಾರಿದರಾಯಿತು) ಯಾರ ಕೈಗೆ ಹೋಯಿತು ಎನ್ನುವುದೇ ಸುದ್ದಿ. ಸಕುಗಾ ಕಾಂತೊಕು (ಚಿತ್ರಗಳನ್ನು ತಿದ್ದುವ ಅನಿಮೇಷನ್ ನಿರ್ದೇಶಕರು): ಒಬ್ಬರೋ ಇಬ್ಬರೋ ಇದ್ದರೆ ನೆಮ್ಮದಿ. ಎರಡನೇ ವಾರಕ್ಕೇ ಏಳೆಂಟು ಹೆಸರಿದ್ದರೆ ಸಮಯ ಸಾಲದೆ ಎಲ್ಲರೂ ಸೇರಿ ತೇಪೆ ಹಾಕಿದ್ದಾರೆಂದು ತಿಳಿಯಿರಿ. ದೊಡ್ಡ ಹೊಡೆದಾಟ ಇರುವ ಎಪಿಸೋಡಿಗೆ ಈ ಲೆಕ್ಕ ಹಿಡಿಯಬೇಡಿ, ಅಲ್ಲಿ ಸಂಖ್ಯೆ ಹೇಗೂ ಏರುತ್ತದೆ. ಗೆಂಗಾಕ್ಕಿಂತ (ಚಲನೆಯ ಮುಖ್ಯ ಚಿತ್ರ ಬರೆಯುವವರು) ದೈನಿ ಗೆಂಗಾದ (ಅವನ್ನು ತಿದ್ದಿ ಪೂರ್ತಿ ಮಾಡುವವರು) ಪಟ್ಟಿ ಉದ್ದವಾಗಿದ್ದರೂ ಅನುಮಾನ ಪಡಿ. ಸೇಸಾಕು ಕ್ಯೋರ್ಯೊಕು (ನಿರ್ಮಾಣ ಸಹಕಾರ) ಎಂಬ ಸಾಲಿನಲ್ಲಿ ಬೇರೆ ಸ್ಟುಡಿಯೋದ ಹೆಸರು ಕಂಡರೆ ಎಪಿಸೋಡನ್ನು ಇಡಿಯಾಗಿ ಹೊರಗೆ ಕೊಟ್ಟಿರುವ ಸಂಭವ ಹೆಚ್ಚು. ಮೂರನೆಯದೋ ನಾಲ್ಕನೆಯದೋ ಹೊರಗೆ ಹೋಗುವುದು ರೂಢಿ. ಎರಡನೆಯದೇ ಹೋಗಿದ್ದರೆ ನನ್ನ ಅಂಕದಲ್ಲಿ ಒಂದೂವರೆ ಕಡಿತ.

ಇಷ್ಟಾದರೂ ಪದ್ಧತಿ ಕೈಕೊಡುವ ಜಾಗವಿದೆ. 2021ರ ಜನವರಿಯ ವಂಡರ್ ಎಗ್ ಪ್ರಯಾರಿಟಿ ಎರಡನೇ ಎಪಿಸೋಡಿನಲ್ಲೂ ಮಿಂಚುತ್ತಿತ್ತು. ಎಂಟನೆಯದು ಹಳೇ ದೃಶ್ಯಗಳ ಸಾರಾಂಶವಾಗಿ ಬಂತು, ಕೊನೆಯದು ಜೂನ್‌ಗೆ ವಿಶೇಷ ಕಂತಾಗಿ ಬಂತು, ಕಥೆಯೂ ಎಲ್ಲೋ ಕಳೆದುಹೋಯಿತು. ಝಾಮ್ 100 ಎಂಬುದು 2023ರ ಜುಲೈಯಲ್ಲಿ ಶುರುವಾಗಿ ಕೊನೆಯ ಮೂರನ್ನು ಡಿಸೆಂಬರ್‌ಗೆ ದೂಡಿತು. ಹೀಗೆ ಕುಸಿಯಬಹುದಾದವಕ್ಕೆ ನಾನು ತೀರ್ಪಿನ ಪಕ್ಕದಲ್ಲಿ ಒಂದು ಗುರುತು ಹಾಕುತ್ತೇನೆ. ಅದನ್ನು ಹಾಕಲು ಮೂರು ವಿಷಯ ನೋಡುತ್ತೇನೆ. ಎರಡು ಹೇಳುತ್ತೇನೆ: ಸ್ಟುಡಿಯೋದ ಹಿಂದಿನ ಸೀರೀಸ್ ಮುಗಿದು ಎಷ್ಟು ತಿಂಗಳಾಯಿತು, ಮತ್ತು ಪಿವಿಯಲ್ಲಿ ಐದನೇ ಎಪಿಸೋಡಿನಾಚೆಯ ದೃಶ್ಯ ಒಂದಾದರೂ ಇದೆಯೇ. ಮೂರನೆಯದು ನನ್ನ ಹತ್ತಿರವೇ ಇರಲಿ.

ವೇಗದ ಲೆಕ್ಕ ಸುಲಭ. ಫ್ರೀರೆನ್ ಮೊದಲ ಸೀಸನ್ನಿನ 28 ಎಪಿಸೋಡು ಮೂಲ ಮಾಂಗಾದ (ಜಪಾನಿ ಕಾಮಿಕ್ಸ್) ಸುಮಾರು 60 ಅಧ್ಯಾಯ ತೆಗೆದುಕೊಂಡಿತು, ಎಪಿಸೋಡಿಗೆ ಎರಡು ಚಿಲ್ಲರೆ. ಮಾಸಿಕ ಮಾಂಗಾಗಳ ಅಧ್ಯಾಯ ಉದ್ದ, ಅವಕ್ಕೆ ಬೇರೆ ಅಳತೆ. ವಾರಪತ್ರಿಕೆಯ ಮಾಂಗಾ ಮೊದಲ ಎಪಿಸೋಡಿಗೇ ನಾಲ್ಕು ಅಧ್ಯಾಯ ನುಂಗಿದ್ದರೆ ಎರಡನೆಯದರಲ್ಲಿ ಉಸಿರು ಬಿಡುತ್ತದೆಯೇ ನೋಡಿ. ಬಿಡದಿದ್ದರೆ ಹನ್ನೆರಡನೆಯದರ ಹೊತ್ತಿಗೆ ಪಾತ್ರಗಳ ಹೆಸರೂ ನೆನಪಿರುವುದಿಲ್ಲ. ಶುಏಶಾ ಪ್ರಕಾಶನದ ಮಾಂಗಾಗಳಾದರೆ ಮಾಂಗಾ ಪ್ಲಸ್ ಆಪ್‌ನಲ್ಲಿ ಮೊದಲ ಮೂರು ಅಧ್ಯಾಯ ಪುಕ್ಕಟೆ, ಹೋಲಿಸಲು ಅಷ್ಟು ಸಾಕು. ಲೈಟ್ ನಾವೆಲ್ (ಚಿತ್ರಗಳಿರುವ ಹಗುರ ಕಾದಂಬರಿ) ಆದರೆ ಸುಮಾರು ಹನ್ನೆರಡು ಎಪಿಸೋಡಿನ ಒಂದು ಕೋರ್‌ಗೆ ಮೂರು ನಾಲ್ಕು ಸಂಪುಟ ಹದ.

ಎಪಿಸೋಡು ಎಂಬ ಅಳತೆಯೇ ಕೆಲವೊಮ್ಮೆ ಕೈಗೆ ಸಿಗುವುದಿಲ್ಲ. ಒಶಿ ನೊ ಕೊ 2023ರ ಏಪ್ರಿಲ್‌ನಲ್ಲಿ 90 ನಿಮಿಷದ ಮೊದಲ ಎಪಿಸೋಡು ಬಿಟ್ಟಿತು, ಫ್ರೀರೆನ್ ಸೆಪ್ಟೆಂಬರ್ 29ರಂದು ಎರಡು ಗಂಟೆಯಲ್ಲಿ ನಾಲ್ಕನ್ನು ಒಟ್ಟಿಗೆ ಬಿಟ್ಟಿತು. ಇಂಥವಕ್ಕೆ ನಿಮಿಷದ ಲೆಕ್ಕ ಹಿಡಿಯಬೇಡಿ, ಮರುವಾರ ಬರುವ ಮಾಮೂಲಿ ಉದ್ದದ ಎಪಿಸೋಡಿಗೆ ಕಾಯಿರಿ. ಓಪನಿಂಗ್, ಎಂಡಿಂಗ್ ತಲಾ 90 ಸೆಕೆಂಡ್ ಕಳೆದು ಉಳಿಯುವ 21 ನಿಮಿಷದಲ್ಲಿ ಅವರಿಗೆ ಕಥೆ ಹೇಳಲು ಬರುತ್ತದೆಯೇ ಎನ್ನುವುದು ಅಲ್ಲೇ ಗೊತ್ತಾಗುವುದು.

ದುಡ್ಡಿನ ವಿಷಯ. ಅನಿಮೆ ಸ್ಟ್ರೀಮಿಂಗ್ ಸೇವೆ ಕ್ರಂಚಿರೋಲ್ 2022ರಲ್ಲಿ ಭಾರತದ ದರವನ್ನು ತಿಂಗಳಿಗೆ 79 ರೂಪಾಯಿಗೆ ಇಳಿಸಿದ ಮೇಲೆ ಈ ಕೆಲಸ ಅಗ್ಗವಾಯಿತು. ಅದೇ ವರ್ಷ ಜಪಾನಿನ ಪ್ರಸಾರದ ಬೆನ್ನಿಗೇ ಬರುವ ಹೊಸ ಸಿಮುಲ್‌ಕಾಸ್ಟ್‌ಗಳನ್ನು ಜಾಹೀರಾತಿನೊಂದಿಗೆ ಪುಕ್ಕಟೆ ನೋಡುವ ದಾರಿಯನ್ನೂ ಮುಚ್ಚಿದರು ಅನ್ನಿ. ವರ್ಷವಿಡೀ ಕಟ್ಟಬೇಕಿಲ್ಲ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಮೊದಲ ವಾರದಿಂದ ಒಂದೊಂದು ತಿಂಗಳು ಸಾಕು. ನೆಟ್‌ಫ್ಲಿಕ್ಸಿನ 149ರ ಮೊಬೈಲ್ ಪ್ಲಾನ್ ಈ ಕೆಲಸಕ್ಕೆ ದಂಡ: 480ಪಿ, ಟಿವಿಗೆ ಹೋಗುವುದಿಲ್ಲ, ಆ ಗುಣಮಟ್ಟದಲ್ಲಿ ಗೆರೆ ನಡುಗುತ್ತಿದೆಯೋ ನೆಟ್ ನಡುಗುತ್ತಿದೆಯೋ ತಿಳಿಯದು. ಮ್ಯೂಸ್ ಇಂಡಿಯಾ ಚಾನೆಲ್ ಯೂಟ್ಯೂಬ್‌ನಲ್ಲಿ ಪುಕ್ಕಟೆ ಹಾಕುವುದನ್ನು ಮೊದಲು ನೋಡಿ, ಪಟ್ಟಿಯಿಂದ ಕಳೆಯಿರಿ. 720ಪಿಯಲ್ಲಿ ಎಪಿಸೋಡಿಗೆ 400 ಎಂಬಿ ಆಸುಪಾಸು. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕಿನಲ್ಲಿ ಮೂರು ಎಪಿಸೋಡು ನೆಮ್ಮದಿಯಾಗಿ ಹಿಡಿಸುತ್ತವೆ. ಒಟ್ಟು ಸೀಸನ್ನಿಗೆ 300 ರೂಪಾಯಿ ದಾಟುವುದು ಅಪರೂಪ.

ಬೇರೆ ಪ್ರಯೋಗಗಳೂ ನಡೆದಿವೆ. 1.25 ವೇಗದಲ್ಲಿ ನೋಡಿ ಸಮಯ ಉಳಿಸುವುದು ಇಸೆಕಾಯಿಗಳಿಗೆ (ಬೇರೆ ಲೋಕಕ್ಕೆ ಹೋಗಿ ಬೀಳುವವರ ಕಥೆಗಳು) ನಡೆಯಿತು, ಕಾಮಿಡಿಗೆ ನಡೆಯಲೇ ಇಲ್ಲ. ನಗುವಿಗೆ ಮುಂಚಿನ ಮೌನವೇ ಕರಗಿಹೋಗುತ್ತದೆ. ಮಾತಾಡುವವರ ಬಾಯಿ ಕಾಣದ ಹಾಗೆ ಬೆನ್ನು ತೋರಿಸುವ ಕಟ್‌ಗಳನ್ನು ಎಣಿಸಿಯೂ ನೋಡಿದೆ. ಎಪಿಸೋಡಿಗೆ ಸುಮಾರು 300 ಕಟ್ ಇರುತ್ತವಲ್ಲ, ಅದರಲ್ಲಿ ಇಂಥವು ಎಷ್ಟಿವೆಯೋ ಅಷ್ಟು ಬಡತನ ಎಂಬ ಅಂದಾಜು. ಆದರೆ ಬುದ್ಧಿವಂತ ನಿರ್ದೇಶಕರು ಅದೇ ಮಿತವ್ಯಯವನ್ನು ಶೈಲಿ ಮಾಡಿಕೊಂಡುಬಿಡುತ್ತಾರೆ. ಆಡ್ ಟ್ಯಾಕ್ಸಿಗೆ (2021 ಏಪ್ರಿಲ್) ಚಿತ್ರದ ಅಬ್ಬರ ಎಲ್ಲಿತ್ತು? ಎಣಿಕೆ ಕೈಬಿಟ್ಟೆ.

ಸಮಯದ ಬಗ್ಗೆ ಪದೇಪದೇ ಕೇಳುತ್ತಾರೆ. ಜಪಾನಿನ ಸೈಟಿನಲ್ಲಿ ಶನಿವಾರ 25:30 ಎಂದಿದ್ದರೆ ದಿನ ಬದಲಿಸುವ ಗೋಜಿಗೆ ಹೋಗದೆ ನೇರ ಮೂರೂವರೆ ಗಂಟೆ ಕಳೆಯಿರಿ: ನಮ್ಮಲ್ಲಿ ಶನಿವಾರವೇ ರಾತ್ರಿ 10. ಸ್ಟ್ರೀಮ್ ಅದಕ್ಕಿಂತ ಅರ್ಧ ಗಂಟೆ, ಒಂದು ಗಂಟೆ ತಡವಾಗಿ ಬರಬಹುದು. ಹಿಂದಿ, ತಮಿಳು, ತೆಲುಗು ಡಬ್ ಬರುವ ಸೀರೀಸ್‌ಗಳಿಗೂ ಮೊದಲ ತೀರ್ಪನ್ನು ಜಪಾನಿ ಆಡಿಯೋ ಮೇಲೇ ಬರೆಯುತ್ತೇನೆ, ಡಬ್ ವಾರಗಟ್ಟಲೆ ಹಿಂದೆ ಬೀಳುತ್ತದೆ. ಬರೆದು ಮುಗಿಸುವ ತನಕ ಮಾತ್ರ ಟ್ವಿಟರ್ ತೆರೆಯಬೇಡಿ.