ಗಾಳಿಯಂತ್ರ ತಿರುಗುತ್ತಿತ್ತು, ತೊಟ್ಟಿ ಒಣಗಿತ್ತು

ಅಮೆರಿಕದ ಪಶ್ಚಿಮ ಕಾನ್ಸಾಸ್‌ನಲ್ಲಿ ಬಾವಿಗಳ ನೀರು ಅಳೆಯುವುದು ನನ್ನ ಕೆಲಸ. ಅಳೆಯುವುದು ಜನವರಿಯಲ್ಲಿ. ಮೆಕ್ಕೆಜೋಳದ ಹೊಲಗಳ ಪಂಪುಗಳು ಆಗ ನಿಂತಿರುತ್ತವೆ, ನೀರು ತನ್ನ ಮಟ್ಟಕ್ಕೆ ಬಂದು ಕೂತಿರುತ್ತದೆ.

ಒಂದು ವರ್ಷ ರ‍್ಯಾಂಚ್ ಮಾಲೀಕರೊಬ್ಬರು ಕರೆದರು. ರೈಲು ಹಳಿಯ ಪಕ್ಕದ ಅವರ ಹುಲ್ಲುಗಾವಲಿನಲ್ಲಿ ಬಾವಿಯಿಂದ ನೀರೆತ್ತುವ ಗಾಳಿಯಂತ್ರ ಚೆನ್ನಾಗಿಯೇ ತಿರುಗುತ್ತಿತ್ತು, ತೊಟ್ಟಿಗೆ ಮಾತ್ರ ನೀರಿಲ್ಲ. ಬೇಸಿಗೆಯಲ್ಲಿ ಒಂದು ಹಸು ದಿನಕ್ಕೆ 60 ಲೀಟರಿಗೂ ಹೆಚ್ಚು ಕುಡಿಯುತ್ತದೆ. ಬೇಸಿಗೆ ಬರುವಷ್ಟರೊಳಗೆ ಸರಿಯಾಗಲೇಬೇಕಿತ್ತು.

ಉಕ್ಕಿನ ಟೇಪಿನ ತುದಿಯ 20–30 ಅಡಿಗೆ ನೀಲಿ ಸೀಮೆಸುಣ್ಣ ಬಳಿದು ಇಳಿಬಿಡುತ್ತೇವೆ. ಸುಣ್ಣ ಎಲ್ಲಿಯವರೆಗೆ ನೆನೆದಿದೆ ನೋಡಿ ಕಳೆಯುತ್ತೇವೆ. 190 ಅಡಿ ಬಿಟ್ಟೆ, 24 ಅಡಿ ನೆನೆದಿತ್ತು. ಅಂದರೆ ನೀರು 166ರಲ್ಲಿ. ನೀರನ್ನು ಮೇಲೆ ತಳ್ಳುವ ಪಂಪಿನ ಸಿಲಿಂಡರ್ 170ರಲ್ಲಿ, ಅಂದರೆ ನೀರಿನೊಳಗೇ ಇದ್ದುದರಿಂದ ಅದರ ಚರ್ಮದ ವಾಷರ್ ಸವೆದಿರಬೇಕು ಎಂದೆ. ಮೂರು ದಿನ ಚಳಿಯಲ್ಲಿ ಕೊಳವೆ ಎತ್ತಿ ವಾಷರ್ ಬದಲಿಸಿದರು. ನೀರು ಬರಲಿಲ್ಲ.

ತಪ್ಪು ನನ್ನದು. ಸೋರುವ ಕೊಳವೆಯ ಹನಿ ಟೇಪಿನ ಮೇಲೆ ಇಳಿದು ಸುಣ್ಣ ನೆನೆಸಿತ್ತು. ಎರಡನೇ ಸಲ ಇಳಿಸಿ ಎರಡೂ ಅಳತೆ ತಾಳೆಯಾಗುತ್ತದೆಯೇ ಎಂದು ನೋಡಬೇಕಿತ್ತು, ನೋಡಲಿಲ್ಲ. ಯಂತ್ರವನ್ನು ಒಂದು ರಾತ್ರಿ ನಿಲ್ಲಿಸಿ, ಟೇಪು ಒರೆಸಿ ಮತ್ತೆ ಮತ್ತೆ ಇಳಿಸಿದಾಗ 177.6 ಅಡಿ ಬಂತು. ಸಿಲಿಂಡರ್ ನೀರಿನಿಂದ ಏಳೂವರೆ ಅಡಿ ಮೇಲೆ ತೂಗುತ್ತಿತ್ತು.

ಈ ಸೀಮೆಗೆ ರೈಲು ಬಂದಾಗಲೂ ನೀರಿನದೇ ಚಿಂತೆ. 1872ರಲ್ಲಿ ಸಾಂಟಾ ಫೆ ರೈಲು ಕಂಪನಿಯ ಹಳಿ ಇಲ್ಲಿನ ಡಾಡ್ಜ್ ಸಿಟಿ ಮುಟ್ಟಿತು. ಟೆಕ್ಸಾಸಿನಿಂದ ನಡೆಸಿ ತಂದ ದನಗಳನ್ನು ಮುಂದೆ ಅಲ್ಲಿಂದಲೇ ರೈಲಿಗೆ ಹತ್ತಿಸಿದರು. ಉಗಿ ಎಂಜಿನ್ನುಗಳಿಗೂ ಗಾಳಿಯಂತ್ರಗಳೇ ನೀರೆತ್ತಿದವು. ಗ್ರೀನ್ಸ್‌ಬರ್ಗ್‌ನಲ್ಲಿ 1887ರಲ್ಲಿ ಕೈಯಿಂದ ತೋಡಲು ಹಿಡಿದ ಬಾವಿ 109 ಅಡಿ ಆಳ, 32 ಅಡಿ ಅಗಲ. ಅದರೊಳಗೆ ಇಳಿದ ದಿನ ಕೋಲಾರದ ನಮ್ಮ ತೋಟದ ಬಾವಿ ಕಣ್ಣಿಗೆ ಕಟ್ಟಿತು. ನಾನು ಈಜು ಕಲಿತ ಆ ಬಾವಿಯಲ್ಲಿ ಈಗ ಜಾಲಿ ಬೆಳೆದಿದೆ. ಇಲ್ಲೂ ನೆಲದಡಿಯ ಒಗಲಾಲಾ ಜಲಪದರಕ್ಕೆ ಬಹುಪಾಲು ಕಡೆ ವರ್ಷಕ್ಕೆ ಒಂದು ಇಂಚು ಮಳೆನೀರೂ ಇಂಗುವುದಿಲ್ಲ. ಎತ್ತುವುದು ಅದಕ್ಕಿಂತ ಎಷ್ಟೋ ಹೆಚ್ಚು.

21 ಅಡಿಯ ಎರಡು ಕೊಳವೆ ಸೇರಿಸಿ ಸಿಲಿಂಡರನ್ನು 212 ಅಡಿಗೆ ಇಳಿಸಿದೆವು. ಮಧ್ಯಾಹ್ನ ಗಾಳಿ ಎದ್ದಿತು. ಮೊದಲು ಕೆಂಪು ಕೆಸರು, ಆಮೇಲೆ ತಿಳಿನೀರು ಬಂತು. ಬೇಲಿಯಾಚೆ ನಿಂತಿದ್ದ ಹಸುಗಳು ಸದ್ದು ಕೇಳಿಯೇ ನಡೆದು ಬಂದವು.

ಮರುವರ್ಷ ಜನವರಿಯಲ್ಲಿ ಅದೇ ಬಾವಿಗೆ ಮೂರು ಸಲ ಟೇಪು ಬಿಟ್ಟೆ. 178.9.